ಗಂಗೆಗೆ ಏನಾಗಿತ್ತು?

ನಮ್ಮ ಹರ್ತಿ ಕಡೆ ಸೊಸೆ ಸ್ವಲ್ಪ ದನಿ ಏರಿಸಿದರೆ ಸಾಕು, "ನಾಗವಲ್ಲಿ ಬಂದಾಳ ನೋಡ್ರಿ ಮೈಮ್ಯಾಲೆ" ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಈ ಮಾತನ್ನು ನಮ್ಮ ಬಾಯಿಗೆ ಹಾಕಿದ್ದು 2004ರ 'ಆಪ್ತಮಿತ್ರ'. ವರ್ಷ ದಾಟಿ ಓಡಿದ ಚಿತ್ರ, ನೀವೂ ನೋಡಿರುತ್ತೀರಿ. ಅದರ ಮೂಲ 1993ರ ಮಲಯಾಳಂ 'ಮಣಿಚಿತ್ರತಾಳ್'. ಫಾಜಿಲ್ ನಿರ್ದೇಶನ, ಮಧು ಮುಟ್ಟಂ ಕತೆ.

ಮೂಲದಲ್ಲಿ ಕತೆ ಗಂಗೆಯದು. ತಂದೆತಾಯಿ ದೂರದ ಕಲ್ಕತ್ತೆಯಲ್ಲಿ, ಮಗಳು ಹಳ್ಳಿಯಲ್ಲಿ ಅಜ್ಜಿಯ ಮಡಿಲಲ್ಲಿ. ಅಜ್ಜಿ ಹೇಳಿದ ಕತೆಗಳೇ ಅವಳ ಲೋಕ. ಒಂದು ದಿನ ಅಲ್ಲಿಂದ ಕಿತ್ತು ಒಯ್ಯುತ್ತಾರೆ. ಮುಂದೆ ಸಿಕ್ಕ ಗಂಡ ಒಳ್ಳೆಯವನೇ, ಆದರೆ ಸದಾ ಕೆಲಸ, ಕೆಲಸ. ಅಂಥವಳು ಹಳೇ ಮನೆಯ ಬೀಗ ಹಾಕಿದ ಕೋಣೆ ತೆರೆದು, ಎಂದೋ ಕೊಲೆಯಾದ ತಂಜಾವೂರಿನ ನರ್ತಕಿಯ ನೋವನ್ನು ತನ್ನದೇ ಎಂದು ಹಚ್ಚಿಕೊಳ್ಳುತ್ತಾಳೆ. ಅಲ್ಲಿ ದೆವ್ವವಿಲ್ಲ, ಬೇನೆಯಿದೆ. ಶೋಭನಾಗೆ ರಾಷ್ಟ್ರಪ್ರಶಸ್ತಿ ಸುಮ್ಮನೆ ಬರಲಿಲ್ಲ.

ಇನ್ನೊಂದು ಸಂಗತಿ. ಆ ಮನೆಯಲ್ಲಿ ಅನುಮಾನ ಮೊದಲು ಬೀಳುವುದು ಯಾರ ಮೇಲೆ? ಜಾತಕದೋಷದ ನೆಪದಲ್ಲಿ ಗಂಡ ಬಿಟ್ಟ ಶ್ರೀದೇವಿಯ ಮೇಲೆ! ಆ ಪಾತ್ರ ಮಾಡಿದ್ದು ನಮ್ಮ ಕನ್ನಡದ ವಿನಯಾ ಪ್ರಸಾದ್. ಗಂಡ ಬಿಟ್ಟವಳ ತಲೆಯೇ ಕೆಟ್ಟಿರಬೇಕೆಂಬ ಲೆಕ್ಕ ಕೇರಳದ್ದು ಮಾತ್ರವೇನಲ್ಲ ಬಿಡಿ.

ಕನ್ನಡಕ್ಕೆ ಬಂದಾಗ ಆದದ್ದೇನು? ಸೌಂದರ್ಯಾ ಯಾವುದಕ್ಕೂ ಕಡಿಮೆ ಮಾಡಿಲ್ಲ. ಪಾಪ, ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋದಳು, ಚಿತ್ರ ಬಂದದ್ದು ಆಗಸ್ಟ್‌ನಲ್ಲಿ. ಆದರೆ ನಿರ್ದೇಶಕ ಪಿ. ವಾಸು ಅವರಿಗೆ ಅವಳ ಮನಸ್ಸು ಸಾಲಲಿಲ್ಲ. ಹೊಡೆದಾಟ ಬೇಕಾಯಿತು, ದೊಡ್ಡ ಹಾವು ಬೇಕಾಯಿತು. ಆ ಹಾವಿಗೂ ಗಂಗೆಯ ಬೇನೆಗೂ ಏನು ಸಂಬಂಧ? ಮನೆಗೆ ಬಂದ ಮೇಲೆ ಜನರ ಬಾಯಲ್ಲಿ ಉಳಿದದ್ದು "ಹೌಲಾ ಹೌಲಾ". ವಿಷ್ಣುವರ್ಧನ್ ಬಗ್ಗೆ ನನಗೂ ಅಭಿಮಾನವಿದೆ, ಆದರೆ ರೋಗಿಗಿಂತ ವೈದ್ಯನೇ ದೊಡ್ಡವನಾದರೆ ಹೇಗೆ?

ಅಷ್ಟಕ್ಕೇ ನಿಲ್ಲಲಿಲ್ಲ. 2010ರ 'ಆಪ್ತರಕ್ಷಕ'ದಲ್ಲಿ ನೂರು ದಾಟಿದ ರಾಜ ಜೀವಂತ, ನಾಗವಲ್ಲಿಯ ಚಿತ್ರಪಟ ಹೋದ ಮನೆಗೆಲ್ಲ ಕೇಡು. ಹಿಂದಿಯವರು 2007ರಲ್ಲಿ ಮೂಲದ ಹಾದಿಯಲ್ಲೇ 'ಭೂಲ್ ಭುಲಯ್ಯಾ' ತೆಗೆದರು. 2022ರ ಎರಡನೆಯದರಲ್ಲಿ ದೆವ್ವವನ್ನೇ ನಿಜ ಮಾಡಿಬಿಟ್ಟರು.

"ಸಿನಿಮಾ ಅಲ್ಲೇನ್ರಿ, ಬಿಡ್ರಿ" ಎನ್ನುತ್ತಾರೆ. ಹೇಗೆ ಬಿಡುವುದು? ಬಾಣಂತನ ಮುಗಿಸಿದ ಹುಡುಗಿ ನಿದ್ದೆಗೆಟ್ಟು ಗೋಡೆ ನೋಡುತ್ತ ಕೂತರೆ "ಗಾಳಿ ಸೋಕೈತಿ" ಎಂದು ತಾಯತ ಕಟ್ಟುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಗದಗಿನಿಂದ ಧಾರವಾಡದ ಡಿಮ್ಹಾನ್ಸ್ ಸುಮಾರು 80 ಕಿಲೋಮೀಟರು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ಆದರೂ ತೌರಿನವರು, ಅತ್ತೆ ಮನೆಯವರು ಇಬ್ಬರೂ "ಅಲ್ಲಿ ಒಯ್ದರ ಮಂದಿ ಹುಚ್ಚಿ ಅಂತಾರ" ಎಂದು ಹಿಂಜರಿಯುತ್ತಾರೆ. ಮಂತ್ರ ಹಾಕಿಸಲು ಮಾತ್ರ ಯಾರಿಗೂ ಹಿಂಜರಿಕೆಯಿಲ್ಲ.

ಮೂಲ ಚಿತ್ರದಲ್ಲೂ ನನಗೊಂದು ತಕರಾರಿದೆ. ಬೊಂಬೆಯನ್ನು ಕಡಿಸಿ ಗಂಗೆಯನ್ನು ವಾಸಿ ಮಾಡುತ್ತಾರೆ, ಗಂಡ ಕರೆದುಕೊಂಡು ಹೊರಡುತ್ತಾನೆ. ಇನ್ನು ಮುಂದೆ ಸಂಜೆ ಬೇಗ ಮನೆಗೆ ಬರುತ್ತೀಯೇನಪ್ಪಾ ಎಂದು ಅವನನ್ನು ಯಾರೂ ಕೇಳುವುದೇ ಇಲ್ಲ.