ಸಮುದ್ರಕ್ಕೆ ಹೊರಡುವ ಮುನ್ನ ಅಪ್ಪನನ್ನು ಒಂದು ಮಾತು ಕೇಳಿ



ಏಪ್ರಿಲ್ ಕೊನೆಯ ವಾರ ಬಂತೆಂದರೆ ನನ್ನ ಒಪಿಡಿಯಲ್ಲಿ ಒಂದೇ ಪ್ರಶ್ನೆ. "ಡಾಕ್ಟ್ರೇ, ಗೋಕರ್ಣ, ಮುರುಡೇಶ್ವರಕ್ಕೆ ಹೊರಟಿದ್ದೀವಿ. ಅಪ್ಪನ್ನ ಕರ್ಕೊಂಡು ಹೋಗಬಹುದಾ?" ಕೇಳುವ ಹೊತ್ತಿಗೆ ರೂಮ್ ಬುಕ್ ಆಗಿರುತ್ತದೆ, ಗಾಡಿ ಸರ್ವಿಸ್ ಆಗಿರುತ್ತದೆ, ಮಕ್ಕಳು ಚೀಲ ಕಟ್ಟಿರುತ್ತಾರೆ. ಎಲ್ಲ ಮುಗಿದ ಮೇಲೆ ಕೊನೆಗೆ ಅಪ್ಪನ ವಿಷಯ. ನನ್ನ ತಕರಾರು ಇರುವುದು ಈ ಕ್ರಮದ ಬಗ್ಗೆ. ಪ್ರವಾಸ ಬೇಡ ಎನ್ನುವ ವೈದ್ಯ ನಾನಲ್ಲ. ಆದರೆ ಮನೆಯಲ್ಲಿ ಹೃದ್ರೋಗಿ ಇದ್ದರೆ ಪ್ಲಾನ್ ಅವರಿಂದಲೇ ಶುರುವಾಗಬೇಕು.

ನಮ್ಮ ಕಷ್ಟ ನನಗೆ ಗೊತ್ತು. ಓಝರ್‌ನ ಎಚ್‌ಎಎಲ್, ಅಂಬಡ್, ಸಾತಪುರ, ವಾಳೂಜ್ ಎಂಐಡಿಸಿ, ಬ್ಯಾಂಕು, ಹೋಟೆಲ್ ಎಂದು ಕೆಲಸಕ್ಕಾಗಿ ನಾಸಿಕ್‌ಗೋ ಛತ್ರಪತಿ ಸಂಭಾಜಿನಗರಕ್ಕೋ ಬಂದವರು ನಾವು. ಇಲ್ಲಿ ಶಾಲೆಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಊರಿನಲ್ಲಿ ಅಣ್ಣ, ತಂಗಿಯ ಮಕ್ಕಳ ರಜೆ ಮೇ ಕೊನೆಗೆ ಮುಗಿಯುತ್ತದೆ. ಎಲ್ಲರೂ ಒಟ್ಟಿಗೆ ಸೇರಬೇಕೆಂದರೆ ಮೇ ಬಿಟ್ಟರೆ ಬೇರೆ ತಿಂಗಳಿಲ್ಲ. ಹಾಗಾಗಿ ಹೃದಯಕ್ಕೆ ಅತಿ ಕಷ್ಟದ ತಿಂಗಳಲ್ಲೇ ನಾವು ಹೊರಡುತ್ತೇವೆ.

ಎರಡು ವರ್ಷದ ಹಿಂದಿನ ಮಾತು. ನನ್ನ ಹತ್ತಿರ ತೋರಿಸುವ ಹಿರಿಯರೊಬ್ಬರು, ಎಪ್ಪತ್ತರ ಆಸುಪಾಸು. ಹೃದಯದ ಪಂಪಿಂಗ್ ಕಡಿಮೆ, ಮಾತ್ರೆಗಳಿಂದ ಚೆನ್ನಾಗಿಯೇ ಇದ್ದರು. ಮಗ ರಾತ್ರಿಯಿಡೀ ಗಾಡಿ ಓಡಿಸಿ ಸಮುದ್ರಕ್ಕೆ ಕರೆದುಕೊಂಡು ಹೋದ. ಮೂರನೇ ರಾತ್ರಿ ಮಲಗಲಾಗದೆ ಎದ್ದು ಕುಳಿತರು, ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆ ಸೇರಿ ಬದುಕಿ ಬಂದರು. ವಾಪಸು ಬಂದ ಮೇಲೆ, ಮಗ ಹೊರಗೆ ಹೋದಾಗ ನನಗೆ ಮೆಲ್ಲಗೆ ಹೇಳಿದರು: "ನೀರಿನ ಮಾತ್ರೆ ತಗೊಂಡಿರ್ಲಿಲ್ಲ ಡಾಕ್ಟ್ರೇ. ತಗೊಂಡ್ರೆ ಗಂಟೆಗೊಮ್ಮೆ ಗಾಡಿ ನಿಲ್ಸು ಅನ್ಬೇಕಾಗತ್ತೆ. ಪಾಪ, ಅವನು ಮೊದಲೇ ಸುಸ್ತಾಗಿದ್ದ."

ಮಗನಿಗೆ ತೊಂದರೆ ಆಗಬಾರದೆಂದು ಆ ತಂದೆ ನಾಲ್ಕು ದಿನ ಮಾತ್ರೆ ಬಿಟ್ಟಿದ್ದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಆದ್ದರಿಂದ ಮೊದಲ ಮಾತು: *ಕೇಳಿ.* "ಅಪ್ಪಾ, ಎಷ್ಟು ಹೊತ್ತಿಗೊಮ್ಮೆ ಗಾಡಿ ನಿಲ್ಲಿಸಲಿ?" ಎಂದು ನೀವೇ ಕೇಳಿ. ಅವರಾಗಿ ಹೇಳುವುದಿಲ್ಲ. ಅಮ್ಮ ಅಂತೂ ಹೇಳುವುದೇ ಇಲ್ಲ. ದಾರಿಯಲ್ಲಿ ಸರಿಯಾದ ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ನೀರಿನ ಮಾತ್ರೆಯ ಹೊತ್ತನ್ನು ಪ್ರಯಾಣದ ದಿನ ಹಿಂದೆ ಮುಂದೆ ಮಾಡಬಹುದು, ಸೆಕೆಯಲ್ಲಿ ಡೋಸ್ ಬದಲಿಸಬೇಕಾಗಲೂಬಹುದು. ಆದರೆ ಅದನ್ನು ನಿಮ್ಮ ವೈದ್ಯರು ಹೇಳಬೇಕು. ಹೊರಡುವ ವಾರ ಮೊದಲೇ ಅವರನ್ನು ಭೇಟಿ ಮಾಡಿ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಸ್ಟೆಂಟ್ ಹಾಕಿದ್ದರೆ, ಕುಳಿತಲ್ಲೇ ಉಸಿರು ಕಟ್ಟುತ್ತಿದ್ದರೆ ಅವರ ಒಪ್ಪಿಗೆ ಇಲ್ಲದೆ ಹೊರಡಲೇಬೇಡಿ.

*ಕರಾವಳಿ ತಂಪು ಎಂಬುದು ತಪ್ಪು ಲೆಕ್ಕ.* "ಇಲ್ಲಿ 40 ಡಿಗ್ರಿ, ಅಲ್ಲಿ 34 ಅಷ್ಟೇ" ಎನ್ನುತ್ತೀರಿ. ನಮ್ಮ ನಾಸಿಕ್, ಸಂಭಾಜಿನಗರದ ಬಿಸಿಲು ಒಣ ಬಿಸಿಲು. ಬೆವರು ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಇಳಿಯುತ್ತದೆ, ಆರುವುದಿಲ್ಲ. ಆಗ ಮೈಯ ಬಿಸಿ ಹೊರಹಾಕಲು ಹೃದಯ ಚರ್ಮದ ಕಡೆಗೆ ಹೆಚ್ಚು ಹೆಚ್ಚು ರಕ್ತ ಪಂಪ್ ಮಾಡಬೇಕು. ಮೊದಲೇ ಬಳಲಿದ ಹೃದಯಕ್ಕೆ ಇದು ಹೊತ್ತಿಲ್ಲದ ದುಡಿಮೆ. ಇದರ ಜೊತೆ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದಾಗ ತಲೆ ಸುತ್ತಬಹುದು. ಸಮುದ್ರದ ದಂಡೆ ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ನಂತರ. ನಡುಹಗಲು ಕೋಣೆಯಲ್ಲಿ ಇರಲಿ.

*ಎಳನೀರು, ಒಣಮೀನು.* ಕರಾವಳಿಗೆ ಹೋಗಿ ಎಳನೀರು ಬೇಡವೇ? ಬಹಳ ಜನರಿಗೆ ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು, ಸ್ಪೈರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆ ನುಂಗುವವರು ಎಷ್ಟು ಕುಡಿಯಬಹುದೆಂದು ವೈದ್ಯರನ್ನು ಕೇಳಿಕೊಳ್ಳಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣಮೀನು, ಉಪ್ಪಿನಕಾಯಿ, ಹಪ್ಪಳ ಒಂದೇ ಊಟದಲ್ಲಿ ಸೇರಿದರೆ ಆ ಲೆಕ್ಕ ಅಲ್ಲೇ ಮುಗಿಯುತ್ತದೆ. ತಾಜಾ ಮೀನಿನ ಸಾರು, ಕುಚ್ಚಲಕ್ಕಿ ಅನ್ನ ಸಂತೋಷವಾಗಿ ತಿನ್ನಲಿ. ಪಂಪಿಂಗ್ ಕಡಿಮೆ ಇರುವವರು ದಿನಾ ಬೆಳಿಗ್ಗೆ ತೂಕ ನೋಡಲಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೀನಿನೂಟದ ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಕೂಡಲೇ ಫೋನ್ ಮಾಡಿ.

*ದಾರಿ.* ನಾಸಿಕ್‌ನಿಂದ ಪುಣೆ, ಬೆಳಗಾವಿ, ಹುಬ್ಬಳ್ಳಿ ಮೇಲೆ ಗೋಕರ್ಣಕ್ಕೆ ಸುಮಾರು 800 ಕಿ.ಮೀ. ಇದನ್ನು ಒಂದೇ ರಾತ್ರಿಯಲ್ಲಿ ಮುಗಿಸುವುದು ಶೂರತನವಲ್ಲ. ನಡುವೆ ಒಂದು ರಾತ್ರಿ ಉಳಿಯಿರಿ. ಎರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು. ನನ್ನನ್ನು ಕೇಳಿದರೆ ರೈಲೇ ಒಳ್ಳೆಯದು. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ನಾಸಿಕ್ ರೋಡ್‌ನಿಂದ ಕೊಂಕಣ ಮಾರ್ಗವಾಗಿ ಕಾರವಾರ, ಉಡುಪಿಗೆ ನೇರ ಹೋಗುತ್ತದೆ. 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಹಿರಿಯರಿಗೆ ಕೆಳಗಿನ ಬರ್ತ್ ಕೇಳಿ. ಶೌಚಾಲಯ ನಾಲ್ಕು ಹೆಜ್ಜೆ ದೂರ, ಯಾರಿಗೂ ಗಾಡಿ ನಿಲ್ಲಿಸು ಎನ್ನಬೇಕಿಲ್ಲ.

*ಮಾತ್ರೆಯ ಚೀಲ.* ಎರಡು ಪಟ್ಟು ಮಾತ್ರೆ, ಸ್ಟ್ರಿಪ್ ಸಮೇತ, ಕೈಚೀಲದಲ್ಲಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಸಾರ್ಬಿಟ್ರೇಟ್, ಇನ್ಸುಲಿನ್ ಇಟ್ಟರೆ ಅವು ಕೆಟ್ಟುಹೋಗಬಹುದು. ಹಳೆಯ ಇಸಿಜಿ, ಎಕೋ ವರದಿಯ ಫೋಟೋ ಮನೆಯವರೆಲ್ಲರ ಫೋನಿನಲ್ಲಿರಲಿ.

*ಆಸ್ಪತ್ರೆ ಎಲ್ಲಿದೆ?* ಇದನ್ನು ಯಾರೂ ಕೇಳುವುದಿಲ್ಲ. ಉತ್ತರ ಕನ್ನಡದ ಜನ ತಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಹೋರಾಡುತ್ತಿದ್ದಾರೆ. ದೊಡ್ಡ ಚಿಕಿತ್ಸೆಗೆ ಅವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾಕ್ಕೆ ಓಡಬೇಕು. ಅಲ್ಲಿಯವರದೇ ಪಾಡು ಹೀಗಿರುವಾಗ, ಊರು ಗೊತ್ತಿಲ್ಲದ ನಾವು ನಡುರಾತ್ರಿ ಏನು ಮಾಡುತ್ತೇವೆ? ರೂಮ್ ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ: ರಾತ್ರಿ ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ನಿಮಿಷದ ದಾರಿ? ಸಮುದ್ರ ಕಾಣುವ ಕೋಣೆಗಿಂತ ಈ ಉತ್ತರ ಮುಖ್ಯ. ನೆಲಮಹಡಿಯ ಕೋಣೆಯನ್ನೇ ಕೇಳಿ.

ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ತಣ್ಣನೆಯ ಬೆವರು ಕಂಡರೆ "ಗ್ಯಾಸ್" ಎಂದು ಸೋಡಾ ಕುಡಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಅದೇ ನಂಬರ್. ದೂರದ ದೊಡ್ಡ ಹೆಸರಿನ ಆಸ್ಪತ್ರೆಗೆ ನೇರ ಓಡುವುದಕ್ಕಿಂತ ಹತ್ತಿರದಲ್ಲಿ ಮೊದಲು ಇಸಿಜಿ ಆಗಲಿ. ಕರ್ನಾಟಕದಲ್ಲಿ 2024ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ಮೊದಲ ಗಂಟೆಯಲ್ಲಿ ಅದು ಸಿಕ್ಕರೆ ಹೃದಯದ ಸ್ನಾಯು ಉಳಿಯುತ್ತದೆ.

ಗಾಡಿ ಓಡಿಸುವ ಮಗನಿಗೂ ಒಂದು ಮಾತು. ನಿಮಗೂ ನಲವತ್ತು ದಾಟಿದೆ. ನಿದ್ದೆಗೆಟ್ಟು, ಸಿಗರೇಟು ಸೇದಿ, ಮರುದಿನ ಮಧ್ಯಾಹ್ನದ ಬಿಸಿಲಲ್ಲಿ ಬಿಯರ್ ಕುಡಿದು ಮರಳಿನಲ್ಲಿ ಓಡುವ ನಿಮ್ಮ ಬಗ್ಗೆಯೂ ನನಗೆ ಹೆದರಿಕೆ ಇದೆ. ಹೊರಡುವ ಮೊದಲು ನಿಮ್ಮ ಬಿಪಿ, ಶುಗರ್ ಕೂಡ ನೋಡಿಸಿಕೊಳ್ಳಿ.

ಸಾಧ್ಯವಿದ್ದರೆ ಈ ಪ್ರವಾಸವನ್ನು ದೀಪಾವಳಿ ರಜೆಗೆ ಮುಂದೂಡಿ. ಆಗ ಸೆಕೆ ಇಷ್ಟಿರುವುದಿಲ್ಲ. ಆದರೆ "ಅಪ್ಪ ಬೇಡ, ನಾವಷ್ಟೇ ಹೋಗೋಣ" ಎಂದು ಮಾತ್ರ ಮಾಡಬೇಡಿ. ಆ ಹಿರಿಯರು ಮರುವರ್ಷ ಜನವರಿಯಲ್ಲಿ ರೈಲಿನಲ್ಲಿ ಮತ್ತೆ ಹೋಗಿಬಂದರು. ಮಾತ್ರೆ ಒಂದನ್ನೂ ಬಿಡಲಿಲ್ಲ. ಮೊಮ್ಮಗಳ ಕೈ ಹಿಡಿದು ಪಾದ ನೆನೆಯುವಷ್ಟು ನೀರಿನಲ್ಲಿ ನಿಂತ ಫೋಟೋ ನನಗೆ ಕಳಿಸಿದ್ದಾರೆ.

ಈ ರಜೆಯಲ್ಲಿ ಹೊರಡುತ್ತಿರುವ ನಿಮ್ಮವರಿಗೆ ಇದನ್ನು ಕಳುಹಿಸಿ. ಇದು ಸಾಮಾನ್ಯ ಮಾಹಿತಿ. ನಿಮ್ಮ ಮಾತ್ರೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆ.