ಧ್ವನಿತಟ್ಟೆಗೆ ಮಜ್ಜನ



ಬ್ಯಾಂಕು, ಬಂದರು, ಕಾಲೇಜುಗಳ ಉದ್ಯೋಗ ನಿಮಿತ್ತವಾಗಿ ಧಾರವಾಡ, ಗದಗ, ವಿಜಯಪುರಗಳ ಕಡೆಯಿಂದ ಮಂಗಳೂರಿಗೆ ಬಂದು ನೆಲೆಸಿದ ನಮ್ಮ ಕುಟುಂಬಗಳಲ್ಲಿ, ಹಿರಿಯರು ತಂದಿಟ್ಟ ವಚನ ಸಂಪುಟಗಳ ಜೊತೆಗೆ ಗ್ರಾಮಫೋನು ತಟ್ಟೆಗಳೂ ಅಲ್ಲಲ್ಲಿ ಉಳಿದುಬಂದಿವೆ. ಮಲ್ಲಿಕಾರ್ಜುನ ಮನಸೂರರ (೧೯೧೦–೧೯೯೨) ಕಂಠ, ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳ ಕಂಠ ಇಂಥ ತಟ್ಟೆಗಳಲ್ಲಿ ಅಡಗಿ ಕುಳಿತಿದೆ. ಹಿರಿಯರು ಲಿಂಗೈಕ್ಯರಾದರು, ಹಾಡುವ ಪೆಟ್ಟಿಗೆ ಕೆಟ್ಟು ಮೂಲೆ ಸೇರಿತು, ತಟ್ಟೆಗಳು ಅಟ್ಟವನ್ನೇರಿದವು. ಈಗ ಮನೆಯ ಯುವಕರಲ್ಲಿ ಹಳೆಯ ತಟ್ಟೆಗಳ ಆಸಕ್ತಿ ಮತ್ತೆ ಮೂಡುತ್ತಿದೆ. ಅವರು ಅಟ್ಟದಿಂದ ಒಂದು ತಟ್ಟೆಯನ್ನು ಇಳಿಸಿ, ಪಂಚೆಯ ಅಂಚಿನಿಂದಲೋ ಕೈವಸ್ತ್ರದಿಂದಲೋ ಒರೆಸಿ, ಮುಳ್ಳನ್ನು ಇಳಿಸುತ್ತಾರೆ. ಹಾಡಿಗಿಂತ ಚಿಟಿಪಿಟಿ ಸದ್ದೇ ಮುಂದಾಗಿ ಕೇಳುತ್ತದೆ. “ಇದು ಸವೆದುಹೋಗಿದೆ” ಎಂಬ ತೀರ್ಪು ಹೊರಡುತ್ತದೆ. ತಟ್ಟೆ ಗುಜರಿಯವನ ಚೀಲವನ್ನು ಸೇರುತ್ತದೆ.

ಆ ತೀರ್ಪು ಆತುರದ್ದು. ಸವೆತದ ಸದ್ದಿಗೂ ಕೊಳೆಯ ಸದ್ದಿಗೂ ಭೇದವುಂಟು. ಸವೆದದ್ದು ಮರಳಿ ಬಾರದು, ಕೊಳೆಯಾದದ್ದನ್ನು ತೊಳೆಯಬಹುದು. ತೊಳೆದು ನೋಡುವ ಮೊದಲು ಇವೆರಡರಲ್ಲಿ ಯಾವುದೆಂದು ಯಾರೂ ಹೇಳಲಾರರು. ಆದ್ದರಿಂದ ಈ ತಿಂಗಳು ಧ್ವನಿತಟ್ಟೆಯ ಶುದ್ಧಿಯನ್ನು ಕುರಿತು ಕೆಲವು ಮಾತುಗಳನ್ನು ನಿವೇದಿಸುತ್ತೇನೆ.

ನಮ್ಮ ವಚನ ವಾಙ್ಮಯವು ಉಳಿದುಬಂದ ಬಗೆಯನ್ನು ಒಮ್ಮೆ ನೆನೆಯೋಣ. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಮನೆಮನೆಗಳ ತಾಳೆಗರಿ ಕಟ್ಟುಗಳನ್ನು ಅರಸಿ ಅಲೆದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಇದೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೇ ಭೀಮಕವಿಯ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಈ ಎರಡು ಕಾರ್ಯಗಳಿಗೂ ಆಧಾರವಾದವರು ಹೆಸರಿಲ್ಲದ ಗೃಹಸ್ಥರು. ಗರಿಗಳನ್ನು ಬಿಸಾಡದೆ ಕಾಪಾಡಿಕೊಂಡು ಬಂದವರು. ಮಠಗಳಲ್ಲಿ ಓಲೆಗಳ ಧೂಳನ್ನು ಮೃದುವಾಗಿ ಒರೆಸಿ, ನಿಂಬೆಹುಲ್ಲಿನ ಎಣ್ಣೆಯನ್ನು ಸವರಿ, ಮಾಸಿದ ಅಕ್ಷರಗಳಿಗೆ ದೀಪದ ಮಸಿ ತುಂಬುವ ಕೆಲಸವನ್ನು ಕಂಡವರಿಗೆ ಅದರ ತಾಳ್ಮೆ ಏನೆಂದು ಗೊತ್ತು. ತಾಳೆಗರಿಯ ಮೇಲೆ ಉಕ್ಕಿನ ಕಂಟವು ಅಕ್ಷರವನ್ನು ಕೊರೆಯಿತು; ಧ್ವನಿತಟ್ಟೆಯ ಮೇಲೆ ಗಾಯಕನ ಕಂಠವೇ ಗೆರೆಯನ್ನು ಕೊರೆಯಿತು. ಎರಡೂ ಓಲೆಗಳೇ, ಎರಡಕ್ಕೂ ಒಂದೇ ಬಗೆಯ ಆರೈಕೆ ಸಲ್ಲಬೇಕು.

ಆ ಗೆರೆಯಾದರೂ ಎಷ್ಟು ಸೂಕ್ಷ್ಮ! ೧೯೪೮ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ, ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ವಿನೈಲ್ ತಟ್ಟೆಯಲ್ಲಿ ಗೆರೆಯ ಅಗಲ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಇಪ್ಪತ್ತು ನಿಮಿಷಕ್ಕೂ ಮಿಕ್ಕು ಹಾಡುವ ಒಂದು ಮಗ್ಗುಲಿನ ಸುರುಳಿಯನ್ನು ಬಿಡಿಸಿ ಚಾಚಿದರೆ ಸುಮಾರು ಅರ್ಧ ಕಿಲೋಮೀಟರ್ ಆದೀತು. ಅಷ್ಟು ಉದ್ದದ ದಾರಿಯ ಎರಡು ಗೋಡೆಗಳ ಏರಿಳಿತವೇ ನಾದ. ಅಲ್ಲಿ ಒಂದು ಧೂಳಿನ ಕಣವಿದ್ದರೆ ಮುಳ್ಳು ಅದಕ್ಕೆ ಎಡವುತ್ತದೆ. ಕಣ ಗಟ್ಟಿಯಾಗಿದ್ದರೆ ಅದನ್ನು ಗೋಡೆಗೆ ಒತ್ತಿ ಉಜ್ಜುತ್ತದೆ. ಕೊಳಕು ತಟ್ಟೆಯನ್ನು ಹಾಡಿಸುವುದೆಂದರೆ ಅದನ್ನು ಕೇಳುತ್ತ ಕೇಳುತ್ತಲೇ ಅಳಿಸಿದಂತೆ.

ಮಂಗಳೂರಿನ ಹವೆಯು ಈ ತಟ್ಟೆಗಳಿಗೆ ಮಿತ್ರನಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಗೋಡೆಗಳು ಬೆವರುತ್ತವೆ. ಕಾಗದದ ಹೊದಿಕೆಗಳು ತೇವವನ್ನು ಕುಡಿಯುತ್ತವೆ. ಆ ಕಾಗದವನ್ನೂ ಬೆರಳಿನ ಜಿಡ್ಡನ್ನೂ ಆಶ್ರಯಿಸಿ ಬೂಷ್ಟು ಬೆಳೆಯುತ್ತದೆ. ಇದಲ್ಲದೆ ನಮ್ಮ ಮನೆಗಳಿಗೇ ವಿಶೇಷವಾದ ಒಂದು ಕಾರಣವಿದೆ. ಹಾಡುವ ಪೆಟ್ಟಿಗೆಯನ್ನು ಪೂಜೆಯ ಕೋಣೆಯ ಬಳಿಯಲ್ಲಿಯೇ ಇಡುವುದು ಹಲವರ ರೂಢಿ. ಧೂಪ, ಊದಿನಕಡ್ಡಿಗಳ ಹೊಗೆ ಅಂಟಾಗಿ ಕೂಡುತ್ತದೆ. ವಿಭೂತಿ ಧರಿಸಿದ ಬೆರಳುಗಳಿಂದಲೇ ತಟ್ಟೆಯನ್ನು ಹಿಡಿಯುತ್ತೇವೆ. ವಿಭೂತಿ ಹಣೆಗೆ ಭೂಷಣ. ತಟ್ಟೆಯ ಗೆರೆಗೆ ಅದು ಮರಳು. ಕೈ ತೊಳೆದು, ಒಣಗಿಸಿ, ಅಂಚು ಮತ್ತು ನಡುವಿನ ಚೀಟಿಯನ್ನು ಮಾತ್ರ ಮುಟ್ಟಿ ತಟ್ಟೆಯನ್ನು ಎತ್ತಬೇಕು.

ಬಟ್ಟೆಯಿಂದ ಒರೆಸಿದರೆ ಸಾಲದೇ ಎಂದು ಕೇಳಬಹುದು. ಒಣಬಟ್ಟೆ ಮೇಲಿನ ಧೂಳನ್ನು ಗೆರೆಯೊಳಗೆ ತಳ್ಳುತ್ತದೆ. ಒದ್ದೆ ಬಟ್ಟೆ ಕೊಳೆಯನ್ನು ನೆನೆಸುತ್ತದೆ, ಆದರೆ ಹೊರಗೆ ತರುವುದಿಲ್ಲ; ನೀರು ಆರಿದಾಗ ಕರಗಿದ ಕೊಳೆಯೆಲ್ಲ ಗೆರೆಯ ತಳದಲ್ಲಿಯೇ ಹೆಪ್ಪುಗಟ್ಟುತ್ತದೆ. ಕೊಳೆಯನ್ನು ನೀರಿನಲ್ಲಿ ಎಬ್ಬಿಸಿ, ಆ ನೀರು ಆರುವ ಮೊದಲೇ ಅದನ್ನು ಹೀರಿ ತೆಗೆಯಬೇಕು. ವ್ಯಾಕ್ಯೂಮ್ ಯಂತ್ರದ ತತ್ತ್ವವೆಲ್ಲ ಇಷ್ಟೇ. ೧೯೬೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೀತ್ ಮಾಂಕ್ಸ್ ಎಂಬವರು ಬಿಬಿಸಿಯಂಥ ಸಂಸ್ಥೆಗಳ ಸಂಗ್ರಹಕ್ಕಾಗಿ ಇಂಥ ಯಂತ್ರವನ್ನು ಸಿದ್ಧಪಡಿಸಿದರು. ಅಂದು ಅದು ದೊಡ್ಡ ಸಂಸ್ಥೆಗಳ ಸೊತ್ತು. ಇಂದು ಗೃಹಸ್ಥರ ಕೈಗೆಟಕುವ ಚಿಕ್ಕ ಯಂತ್ರಗಳೂ ಇವೆ. ಅವುಗಳಲ್ಲಿ ತಟ್ಟೆಯನ್ನು ತಿರುಗಿಸಲು ಮೋಟಾರಿಲ್ಲ, ಹೀರಲು ಮಾತ್ರ ಇದೆ. ತಿರುಗಿಸುವ ಕಾಯಕ ನಮ್ಮ ಕೈಯದು. ಬೆಲೆ ಇಳಿದಿರುವುದು ಈ ಕಾರಣದಿಂದ.

ಯಂತ್ರಕ್ಕೆ ಕೊಡುವ ಮೊದಲು ತಟ್ಟೆಯ ಜಾತಿಯನ್ನು ತಿಳಿಯಬೇಕು. ಚೀಟಿಯ ಮೇಲೆ ೭೮ ಎಂಬ ಅಂಕಿಯಿದ್ದು, ತಟ್ಟೆ ಭಾರವಾಗಿ, ಬಾಗದೆ ಒಡೆಯುವಂತಿದ್ದರೆ ಅದು ಅರಗಿನದು. ನಮ್ಮ ದೇಶದಲ್ಲಿ ೧೯೬೦ರ ದಶಕದಲ್ಲಿಯೂ ಇವು ತಯಾರಾಗುತ್ತಿದ್ದವು. ಬಡಗಿಯು ಮರಕ್ಕೆ ಮೆರುಗು ಕೊಡಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ನೋಡಿದ್ದೀರಿ. ಪಾಂಡವರ ಅರಗಿನ ಮನೆಗೆ ಬೆಂಕಿ ಹೇಗೋ, ಅರಗಿನ ತಟ್ಟೆಗೆ ಸ್ಪಿರಿಟ್ಟು ಹಾಗೆ. ಸ್ಪಿರಿಟ್ಟು, ಆಲ್ಕೋಹಾಲ್ ಬೆರೆತ ಯಾವ ದ್ರಾವಣವನ್ನೂ ಅದಕ್ಕೆ ಸೋಕಿಸಬಾರದು. ಅಂಗಡಿಯ ಸಿದ್ಧ ದ್ರಾವಣಗಳಲ್ಲಿ ಕೆಲವಕ್ಕೆ ಆಲ್ಕೋಹಾಲ್ ಸೇರಿರುತ್ತದೆ. ಸೀಸೆಯ ಮೇಲಿನ ಬರಹವನ್ನು ಓದಿಯೇ ಬಳಸಬೇಕು.

ಎರಡು ಜಾತಿಗೂ ಒಪ್ಪುವ ಸರಳ ದ್ರಾವಣ ಇದು: ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ, ಬಣ್ಣ ಸುಗಂಧಗಳಿಲ್ಲದ ಪಾತ್ರೆ ತೊಳೆಯುವ ದ್ರವದ ಎರಡು ಮೂರು ಹನಿ. ನಲ್ಲಿಯ ನೀರಾಗಲಿ ಬಾವಿಯ ನೀರಾಗಲಿ ಬೇಡ. ಅದರಲ್ಲಿ ಕರಗಿದ ಲವಣ ಆರಿದ ಮೇಲೆ ಗೆರೆಯಲ್ಲಿ ಉಳಿಯುತ್ತದೆ.

ಇನ್ನು ವಿಧಾನ. ಮೊದಲು ಮೃದುವಾದ ಕುಂಚದಿಂದ ಮೇಲಿನ ಧೂಳನ್ನು ತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಇದನ್ನು ಮನೆಯ ಹೊರಗೆ, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು ಮಾಡಿರಿ. ತಟ್ಟೆಯನ್ನು ಯಂತ್ರದ ಮೇಲೆ ಕೂರಿಸಿ, ನಡುವಿನ ಚೀಟಿ ನೆನೆಯದಂತೆ ಎಚ್ಚರ ವಹಿಸಿ, ದ್ರಾವಣವನ್ನು ಚಮಚದಷ್ಟು ಚಿಮುಕಿಸಿ, ಗೆರೆ ಸಾಗುವ ದಿಕ್ಕಿನಲ್ಲಿಯೇ ಕುಂಚವನ್ನು ಆಡಿಸಿ ಎಲ್ಲೆಡೆ ಹರಡಿರಿ. ಗೆರೆಗೆ ಅಡ್ಡವಾಗಿ ಉಜ್ಜಬಾರದು. ವಿನೈಲ್ ಆದರೆ ಒಂದು ನಿಮಿಷ ನೆನೆಯಲಿ; ಅರಗಿನ ತಟ್ಟೆಯ ಮೇಲೆ ನೀರನ್ನು ನಿಲ್ಲಗೊಡದೆ ಕೂಡಲೇ ಮುಂದುವರಿಯಿರಿ. ಅನಂತರ ಒದ್ದೆಯಾದ ಮಗ್ಗುಲನ್ನು ಕೆಳಮುಖ ಮಾಡಿ, ಮಖಮಲ್ಲಿನ ಪಟ್ಟಿಗಳ ನಡುವೆ ಇರುವ ಹೀರುವ ಸೀಳಿನ ಮೇಲೆ ಇಟ್ಟು, ಯಂತ್ರವನ್ನು ನಡೆಸಿ, ತಟ್ಟೆಯನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿರಿ. ಸಾಲದೆನಿಸಿದರೆ ಮೂರು, ಅದಕ್ಕಿಂತ ಹೆಚ್ಚು ಬೇಡ. ಒಣಗಿದ ತಟ್ಟೆಯನ್ನು ಮತ್ತೆ ಮತ್ತೆ ಉಜ್ಜಿದರೆ ವಿದ್ಯುದಂಶ ಸೇರಿ, ಅದೇ ಧೂಳನ್ನು ಸೆಳೆಯುತ್ತದೆ. ಬಳಿಕ ಬರಿಯ ಡಿಸ್ಟಿಲ್ಡ್ ವಾಟರಿನಿಂದ ಇದೇ ಕ್ರಮವನ್ನು ಇನ್ನೊಮ್ಮೆ ಮಾಡಿ ಸಾಬೂನಿನ ಅಂಶವನ್ನು ಕಳೆಯಿರಿ. ಪ್ರತಿ ತಟ್ಟೆಯಾದ ಮೇಲೆ ಮಖಮಲ್ಲಿನ ಪಟ್ಟಿಯನ್ನು ಶುಚಿಗೊಳಿಸಿರಿ. ಇಲ್ಲವಾದರೆ ಒಂದರ ಕೊಳೆ ಇನ್ನೊಂದಕ್ಕೆ ಪ್ರಸಾದವಾಗುತ್ತದೆ.

ಕೆಲವರು ಮನೆಯ ಕಸ ಹೀರುವ ಯಂತ್ರಕ್ಕೇ ಒಂದು ಕೊಳವೆ ಜೋಡಿಸಿ ಈ ಕೆಲಸವನ್ನು ಮಾಡುವುದುಂಟು. ಒಣಕಸಕ್ಕೆಂದೇ ಮಾಡಿದ ಯಂತ್ರಕ್ಕೆ ನೀರನ್ನು ಹೀರಿಸಿದರೆ ವಿದ್ಯುತ್ತಿನ ಆಘಾತವಾದೀತು. ನೀರನ್ನೂ ಹೀರಬಲ್ಲದೆಂದು ತಯಾರಕರೇ ಹೇಳಿದ ಯಂತ್ರವನ್ನು ಮಾತ್ರ ಬಳಸಬೇಕು. ಅದರಲ್ಲಿಯೂ ಸ್ಪಿರಿಟ್ಟು ಬೆರೆತ ದ್ರಾವಣ ಕೂಡದು. ಮೋಟಾರಿನ ಕಿಡಿ ತಗುಲಿದರೆ ಬೆಂಕಿಯೇ. ಈ ಯಂತ್ರಗಳ ಸದ್ದು ಕಟುವಾದುದರಿಂದ ಮಕ್ಕಳನ್ನೂ ವೃದ್ಧರನ್ನೂ ದೂರವಿಡುವುದು, ನಡುನಡುವೆ ಮೋಟಾರನ್ನು ಆರಗೊಡುವುದು ಒಳಿತು. ಬಿರುಕು ಬಿಟ್ಟ ಅರಗಿನ ತಟ್ಟೆಯನ್ನು ಯಂತ್ರಕ್ಕೆ ಕೊಡಲೇಬಾರದು.

ತೊಳೆದ ತಟ್ಟೆಯನ್ನು ಬಿಸಿಲಿಗೆ ಇಡದೆ, ಧೂಳಿಲ್ಲದ ನೆರಳಿನಲ್ಲಿ ಕಾಲು ಗಂಟೆ ನಿಲ್ಲಿಸಿ, ಹೊಸ ಹೊದಿಕೆಯಲ್ಲಿ ಇಡಿರಿ. ಹಳೆಯ ಹೊದಿಕೆಗೆ ಮರಳಿಸಿದರೆ ಮಾಡಿದ ಕೆಲಸ ವ್ಯರ್ಥ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿರಿ. ಮಳೆಯ ಹೊಡೆತಕ್ಕೆ ಸಿಕ್ಕುವ ಹೊರಗೋಡೆಗೆ ತಾಗಿಸಬೇಡಿರಿ. ಅರಗಿನ ತಟ್ಟೆಗೆ ದಪ್ಪ ಮುಳ್ಳು, ವಿನೈಲಿಗೆ ಸೂಕ್ಷ್ಮ ಮುಳ್ಳು; ಒಂದರದು ಇನ್ನೊಂದಕ್ಕೆ ಸಲ್ಲದು.

ಇಷ್ಟೆಲ್ಲ ಮಾಡಿದರೂ ಗೀರು ಗೀರಾಗಿಯೇ ಉಳಿದೀತು, ಸವೆತ ಸವೆತವಾಗಿಯೇ ಉಳಿದೀತು. ಯಂತ್ರ ಕೊಳೆಯನ್ನು ಕಳೆಯಬಲ್ಲದು, ಕಳೆದುಹೋದ ನಾದವನ್ನು ತರಲಾರದು. ಆದ್ದರಿಂದ ಶುಚಿಯಾದ ತಟ್ಟೆಯನ್ನು ಮೊದಲ ಬಾರಿಗೆ ಹಾಡಿಸುವಾಗಲೇ ಅದನ್ನು ಗಣಕಯಂತ್ರಕ್ಕೆ ಧ್ವನಿಮುದ್ರಿಸಿ, ಗಾಯಕರ ಹೆಸರು, ತಟ್ಟೆಯ ಸಂಖ್ಯೆಗಳನ್ನು ಬರೆದಿಡುವುದು ವಿವೇಕ. ಇದು ಮನೆಯ ಯುವಕರಿಗೆ ತಕ್ಕ ಕೆಲಸ. ಹಾಡನ್ನು ಗುರುತಿಸುವುದು ಹಿರಿಯರಿಗೆ ತಕ್ಕದ್ದು. ಹೀಗೆ ಅಜ್ಜಿಯೂ ಮೊಮ್ಮಗನೂ ಒಂದೇ ಕೆಲಸಕ್ಕೆ ಕುಳಿತರೆ ಅದಕ್ಕಿಂತ ಮಿಗಿಲಾದ ಶಿವಾನುಭವ ಗೋಷ್ಠಿ ಇನ್ನಾವುದು?

ಪ್ರತಿ ಮನೆಯೂ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಮನೆಯೊಂದರಲ್ಲಿ ಇರುವ ತಟ್ಟೆಗಳು ಹತ್ತೋ ಇಪ್ಪತ್ತೋ. ಅವುಗಳಿಗೆ ಒಂದೆರಡು ದಿನದ ಕೆಲಸ. ಹತ್ತು ಮನೆಗಳು ಕೂಡಿ ಒಂದು ಯಂತ್ರವನ್ನು ತಂದು, ಸರದಿಯಂತೆ ಬಳಸಿದರೆ ಸಾಕು. ತನಗಿರುವುದನ್ನು ಹಂಚಿಕೊಳ್ಳುವುದೇ ದಾಸೋಹವಾದರೆ, ನಾದಕ್ಕೂ ಒಂದು ದಾಸೋಹ ಇರಲಿ. ಮಳೆ ನಿಂತು ಬಿಸಿಲು ಬಲಿತ ಒಂದು ಭಾನುವಾರ ಅಟ್ಟದ ಪೆಟ್ಟಿಗೆಯನ್ನು ಇಳಿಸಿರಿ. ಗುಜರಿಯವನನ್ನು ಕರೆಯುವ ಮೊದಲು ಒಂದು ತಟ್ಟೆಗಾದರೂ ಮಜ್ಜನ ಮಾಡಿಸಿರಿ. ಆಮೇಲೆ ಕಿವಿಗೊಟ್ಟು ಕೇಳಿ, ತೀರ್ಪನ್ನು ಕೊಡಿರಿ.