ಸೆಮೆನ್ ಬೈಯೋ ಮೊದಲು ಗೋದಲಿ ನೋಡಿ

"ಸಾರ್, ಮೂರು ಸಲ ಸೂಜಿ ಕೊಡಿಸಿದೆ, ಹಸು ಮತ್ತೆ ಬೆದೆಗೆ ಬಂತು. ಸೆಮೆನ್ ಸರಿ ಇಲ್ವಾ?" ದಾವಣಗೆರೆ, ಹರಿಹರ ಸುತ್ತಿನ ಯುವ ರೈತರಿಂದ ನಾನು ಹೆಚ್ಚು ಕೇಳೋ ಪ್ರಶ್ನೆ ಇದು. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಸೆಮೆನ್ ಬೈಯೋ ಮೊದಲು ಮೂರು ತಿಂಗಳ ಹಿಂದೆ ಗೋದಲಿಗೆ ಏನು ಹಾಕಿದ್ರಿ ಅಂತ ನೆನಪು ಮಾಡ್ಕೊಳ್ಳಿ.

ಅಂಡಾಣು ಬೆಳೆಯೋದು ಅಂಡಾಶಯದ ನೀರುಗುಳ್ಳೆಯೊಳಗೆ. ಇದೇ ಫಾಲಿಕಲ್. ಅದು ಪೂರ್ತಿ ಬಲಿಯೋಕೆ ಸುಮಾರು ಮೂರು ತಿಂಗಳು ಬೇಕು. ಒಳಗಿನ ನೀರು ಬಹುಪಾಲು ರಕ್ತದಿಂದ ಸೋಸಿ ಬಂದದ್ದು. ಕೊಲೆಸ್ಟ್ರಾಲ್ ನೀರಲ್ಲಿ ಕರಗೋದಿಲ್ಲ, ಲಿಪೋಪ್ರೋಟೀನ್ ಅನ್ನೋ ಗಾಡಿ ಹತ್ತಿಯೇ ಬರಬೇಕು. ಗುಳ್ಳೆಯ ಗೋಡೆ ಜರಡಿ ಇದ್ದಂತೆ: ದೊಡ್ಡ ಗಾಡಿ ಎಲ್‌ಡಿಎಲ್ ಹೊರಗೇ ಉಳಿಯುತ್ತೆ, ಚಿಕ್ಕದು ಎಚ್‌ಡಿಎಲ್ ಒಳಗೆ ಹೋಗುತ್ತೆ. ಗಬ್ಬ ಕಾಯುವ ಪ್ರೊಜೆಸ್ಟರಾನ್ ತಯಾರಾಗೋದೂ ಕೊಲೆಸ್ಟ್ರಾಲ್‌ನಿಂದಲೇ.

ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ಬೇಗ ಏರುತ್ತೆ, ಮೇಯೋದು ಅಷ್ಟು ಬೇಗ ಏರೋದಿಲ್ಲ. ಹಸು ತನ್ನ ಮೈಕೊಬ್ಬನ್ನೇ ಕರಗಿಸುತ್ತೆ. ಆಗ ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಕರಗಿದ ಕೊಬ್ಬಿನಾಮ್ಲ ಜಾಸ್ತಿ. ಈ ಆಮ್ಲ ಗುಳ್ಳೆಯ ನೀರಿಗೂ ಇಳಿಯುತ್ತೆ, ಅಂಡಾಣು ಬಲಿಯೋದಕ್ಕೆ ಅಡ್ಡಿ ಮಾಡುತ್ತೆ ಅಂತ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲೇ ತೋರಿಸಿದ್ದಾರೆ.

ಹಾಗಂತ ಹಸುವಿಗೆ ಎಣ್ಣೆ ಕುಡಿಸಬೇಡಿ. ಮೇವಿನಲ್ಲಿ ಕೊಬ್ಬು ಹೆಚ್ಚಾದರೆ ನಾರು ಜೀರ್ಣ ಆಗೋದಿಲ್ಲ. ಮಾಡಬೇಕಾದ್ದು ಇಷ್ಟೇ:

• ಕರು ಹಾಕೋಕೆ ಮೂರು ವಾರ ಮುಂಚಿನಿಂದ ಹಿಂಡಿ ಸ್ವಲ್ಪ ಸ್ವಲ್ಪವೇ ಏರಿಸಿ. ಹಸು ತೀರಾ ಕೊಬ್ಬಲೂಬಾರದು.
• ಕರು ಹಾಕಿದ ಮೇಲೆ ಹಂತಹಂತವಾಗಿ, ಮೈಗೆ 1.5ರಿಂದ 2 ಕಿಲೋ, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರಕ್ಕೆ ತನ್ನಿ.
• ಭತ್ತದ ಹುಲ್ಲು, ಮೆಕ್ಕೆಜೋಳದ ಸಪ್ಪೆಯ ಮೇಲಷ್ಟೇ ನಿಲ್ಲಬೇಡಿ. ಹಸಿಮೇವು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.
• ತಿಂಗಳಿಗೊಮ್ಮೆ ಹಸುವಿನ ಬೆನ್ನು, ಪಕ್ಕೆಲುಬಿನ ಫೋಟೋ ತೆಗೆದು ಹೋಲಿಸಿ. ಸೊರಗಿದ್ದು ಮೊಬೈಲ್‌ನಲ್ಲೇ ಕಾಣುತ್ತೆ.

ಇಷ್ಟಾದರೂ ಮೂರು ಸಲ ತಿರುಗಿ ಬಂದರೆ ಪಶುವೈದ್ಯರಿಂದ ಗರ್ಭಕೋಶ ಪರೀಕ್ಷೆ ಮಾಡಿಸಿ, ಸೋಂಕೂ ಇರಬಹುದು.

"ಹಿಂಡಿ ದುಬಾರಿ" ಅಂತೀರಿ, ನಿಜ. ಆದರೆ ಒಂದು ಬೆದೆ ತಪ್ಪಿದರೆ 21 ದಿನದ ಮೇವು ದಂಡ, ಮುಂದಿನ ಕರುವೂ ಅಷ್ಟೇ ತಡ. ದೇವರಾಜ ಅರಸು ಬಡಾವಣೆಯಂಥ ಕಡೆ ಮನೆಮನೆಗೆ ಹಾಲು ಹಾಕೋರಿಗೆ ಇದು ಗೊತ್ತು: ನಮ್ಮ ಹಾಲು ನಿಂತರೆ ಗಿರಾಕಿ ಕಾಯೋದಿಲ್ಲ.